ಮಹಾಂತ ಜೋಳಿಗೆಗೆ ಮೊಬೈಲ್ ಹಾಕುವುದು ಹೇಗೆ?

ಇಳಕಲ್ಲಿನ ಡಾ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿದ್ದನ್ನು ನಮ್ಮ ಪೀಳಿಗೆಯವರು ಕಣ್ಣಾರೆ ಕಂಡಿದ್ದೇವೆ. ಅವರು ಕಾಳು ಬೇಡಲಿಲ್ಲ, ಕಾಸು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ಹಾಕಿರಿ ಎಂದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ಸರ್ಕಾರದ ವ್ಯಸನಮುಕ್ತ ದಿನಾಚರಣೆಯಾಗಿದೆ. ಆದರೆ ಆ ದಿನ ನಮ್ಮ ವೇದಿಕೆಗಳಿಂದ ಕೇಳಿಬರುವುದು ಸಾರಾಯಿ, ತಂಬಾಕು ಇವೆರಡರ ಮಾತೇ. ಸಭೆಯಲ್ಲಿ ಕುಳಿತ ಹುಡುಗನ ಜೇಬಿನಲ್ಲಿರುವ ಜೂಜಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಸಾರಾಯಿಗೆ ವಾಸನೆ ಇದೆ, ಇದಕ್ಕೆ ಇಲ್ಲ.

ನನ್ನ ತಮ್ಮನ ಮಗನ ವಿಷಯ ಬರೆಯುತ್ತಿದ್ದೇನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಡಿಪ್ಲೊಮಾ ಓದಿದವನು, ನೌಕರಿ ಇತ್ತು. ಮೊದಲು ಮೊಬೈಲಿನಲ್ಲಿ ರಮ್ಮಿ, ಆಮೇಲೆ ಐಪಿಎಲ್ ಬೆಟ್ಟಿಂಗ್. ಆರಂಭದಲ್ಲಿ ನಲವತ್ತು ಸಾವಿರ ಗೆದ್ದ. ತಾಯಿಗೆ ಮಿಕ್ಸರ್ ತಂದ, ಜಾತ್ರೆಯ ದಾಸೋಹಕ್ಕೆ 5,001 ರೂಪಾಯಿ ಕೊಟ್ಟ. ಮೈಕಿನಲ್ಲಿ ಅವನ ಹೆಸರು ಕೂಗಿದರು, ಶಾಲು ಹೊದಿಸಿದರು. ನಾನೂ ಅಲ್ಲೇ ಕುಳಿತು ಚಪ್ಪಾಳೆ ತಟ್ಟಿದೆ. ಈ ದುಡ್ಡು ಎಲ್ಲಿಂದ ಬಂತು ಎಂದು ಮನೆಯವರೂ ಕೇಳಲಿಲ್ಲ, ಮಠದವರೂ ಕೇಳಲಿಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ವಾಪಸು ಸುರಿದು ಬರಲು ಕಳಿಸಿದ ಪ್ರಸಂಗವನ್ನು ನಾವು ಎಷ್ಟು ಸಲ ಹೇಳಿಲ್ಲ! ಒಂದು ಹಿಡಿ ಅಕ್ಕಿಗೆ ಆ ತಾಯಿ ಕೇಳಿದ ಲೆಕ್ಕವನ್ನು ನಲವತ್ತು ಸಾವಿರಕ್ಕೆ ನಾವು ಕೇಳಲಿಲ್ಲ.

ಮುಂದಿನದು ಬಹಳ ಮನೆಗಳಿಗೆ ಗೊತ್ತಿರುವುದೇ. ಮೊಬೈಲಿನಲ್ಲೇ ಐದು ನಿಮಿಷದಲ್ಲಿ ಸಿಗುವ ಸಾಲ, ಒಂದರ ಸಾಲ ತೀರಿಸಲು ಇನ್ನೊಂದರಲ್ಲಿ ಸಾಲ. ವಸೂಲಿಯವರು ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕರೆ ಮಾಡಿ ಬೈಯತೊಡಗಿದರು. ನಾನು ನಿವೃತ್ತಿಯ ಹಣದಿಂದ ಎರಡು ಸಲ ಸಾಲ ತೀರಿಸಿದೆ, ಎರಡು ಸಲವೂ ಗುಟ್ಟಾಗಿ. ಮನೆತನದ ಮರ್ಯಾದೆ ಉಳಿಸಿದೆ ಎಂದುಕೊಂಡಿದ್ದೆ. ಮೂರನೆಯ ಸಲ ಅವನು ಇನ್ನೂ ದೊಡ್ಡ ಮೊತ್ತ ಕಟ್ಟಿ ಸೋತ. ದೊಡ್ಡಪ್ಪ ಇದ್ದಾನಲ್ಲ ಎಂಬ ಧೈರ್ಯವನ್ನು ನಾನೇ ಕೊಟ್ಟಿದ್ದೆ.

ಅವನನ್ನು ಕೂರಿಸಿ ಕೇಳಿದಾಗ ಹೇಳಿದ್ದು ಹೀಗೆ: "ದೊಡ್ಡಪ್ಪಾ, ರಮ್ಮಿ ಜೂಜಲ್ಲರೀ, ಬುದ್ಧಿ ಆಟ. ಸುಪ್ರೀಂ ಕೋರ್ಟೇ ಹೇಳೇತ್ರಿ." ಹೇಳಿದ್ದು ನಿಜ, 1968ರಲ್ಲಿ. ಆದರೆ ಆ ತೀರ್ಪಿನ ಉಳಿದ ಅರ್ಧವನ್ನು ಜಾಹೀರಾತಿನವರು ಇವನಿಗೆ ಹೇಳಿರಲಿಲ್ಲ. ಪಣಕ್ಕಿಟ್ಟು ಆಡುವ ಆಟದಿಂದ ಜಾಗದ ಮಾಲೀಕ ಲಾಭ ಮಾಡುತ್ತಿದ್ದರೆ ಅದು ಅಪರಾಧವಾಗಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಮೊಬೈಲ್ ಕಂಪನಿ ಮಾಡುವುದು ಮತ್ತೇನು?

ನಾನು ಕಾಲುವೆಯ ಲೆಕ್ಕ ಮಾಡಿದವನು. ನೀರು ಎಷ್ಟು ಬಿಟ್ಟರು ಎಂಬುದಕ್ಕಿಂತ ದಾರಿಯಲ್ಲಿ ಎಷ್ಟು ಸೋರಿತು ಎಂದು ನೋಡುವುದು ನಮ್ಮ ರೂಢಿ. ಪ್ರತಿ ಆಟಕ್ಕೆ ಕಂಪನಿ ನೂರಕ್ಕೆ ಹತ್ತು ಹಿಡಿಯುತ್ತದೆ ಎಂದುಕೊಳ್ಳಿ. ಎಲ್ಲ ಆಟಗಾರರೂ ಸಮಾನ ಜಾಣರಾಗಿ, ಉಳಿದ ಹಣವನ್ನೇ ಮತ್ತೆ ಮತ್ತೆ ಹಾಕಿ ಹತ್ತು ಸುತ್ತು ಆಡಿದರೆ ನೂರು ರೂಪಾಯಿಯಲ್ಲಿ ಎಲ್ಲರ ಕೈಯಲ್ಲಿ ಸೇರಿ ಉಳಿಯುವುದು 35. ಇಪ್ಪತ್ತು ಸುತ್ತಿಗೆ 12. ಯಾರು ಗೆದ್ದರು, ಯಾರು ಸೋತರು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಇಸ್ಪೀಟು ಕಟ್ಟೆಯಲ್ಲಿ ಎಲೆ ಕಲೆಸಲು, ಚಹಾ ಕುಡಿಯಲು ಹೊತ್ತು ಹೋಗುತ್ತಿತ್ತು. ಮೊಬೈಲಿನಲ್ಲಿ ಇಪ್ಪತ್ತು ಸುತ್ತು ಒಂದು ಊಟದ ಹೊತ್ತಿನೊಳಗೆ ಮುಗಿಯುತ್ತವೆ. ಈ ಹಾಳೆಯನ್ನು ಹುಡುಗನ ಮುಂದಿಟ್ಟೆ. ಬಹಳ ಹೊತ್ತು ನೋಡಿದ. ನಾನು ಬೈದಾಗ ಆಗದ್ದು ಆಗ ಸ್ವಲ್ಪ ಆಯಿತು.

ಕಾನೂನು ಇಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ರಾಜ್ಯ 2007ರಲ್ಲಿ ಲಾಟರಿ ನಿಲ್ಲಿಸಿತು. ಆನ್‌ಲೈನ್ ಜೂಜಿಗಾಗಿ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗವನ್ನು ಮರುವರ್ಷ ಫೆಬ್ರವರಿಯಲ್ಲೇ ಹೈಕೋರ್ಟ್ ರದ್ದುಮಾಡಿತು. ಈಗ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಬುದ್ಧಿಯ ಆಟವಿರಲಿ, ಅದೃಷ್ಟದ ಆಟವಿರಲಿ, ಹಣ ಕಟ್ಟಿ ಆಡಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ, ಅದು ಸರಿಯಾದದ್ದೇ. ದೇಶದೊಳಗಿನ ದೊಡ್ಡ ಕಂಪನಿಗಳು ಅಂಗಡಿ ಮುಚ್ಚಿದವು. ಆದರೆ ಹೊರದೇಶದಲ್ಲಿ ಕುಳಿತು ನಡೆಸುವವರು, ಬಾಡಿಗೆ ಬ್ಯಾಂಕ್ ಖಾತೆಗಳಲ್ಲಿ ಹಣ ತಿರುಗಿಸುವವರು ಹೋಗಿಲ್ಲ. ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ಕಡೆ ಕೊರೆಯುತ್ತದೆ. ಚಟ ಹತ್ತಿದವನು ದಾರಿ ಹುಡುಕಿಯೇ ಹುಡುಕುತ್ತಾನೆ.

ಇದು ಬರಿಯ ದುರಾಸೆ ಎಂದು ಬುದ್ಧಿ ಹೇಳಿ ಮುಗಿಸುವವರಿಗೆ ಒಂದು ಮಾತು. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗಾಗಿಯೇ 2014ರಿಂದ ಒಂದು ಚಿಕಿತ್ಸಾಲಯವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮೋಸದ ಆ್ಯಪಿಗೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಈ ಎರಡು ನಂಬರುಗಳನ್ನು ನಮ್ಮ ಪ್ರಸಾದ ನಿಲಯಗಳ ಗೋಡೆಯ ಮೇಲೆ ಬರೆಸಲು ಎಷ್ಟು ಖರ್ಚಾದೀತು?

ಮಠಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ದಾಸೋಹಕ್ಕೆ ಹಣ ತಂದವರನ್ನು, ಮುಖ್ಯವಾಗಿ ಎಳೆಯರನ್ನು, ಇದು ಯಾವ ಕಾಯಕದ್ದಪ್ಪಾ ಎಂದು ಪ್ರೀತಿಯಿಂದ ಕೇಳಬೇಕು. ಕ್ಲಬ್ಬಿನ ಹೆಸರಿನಲ್ಲಿ ಇಸ್ಪೀಟು ಅಡ್ಡೆ ನಡೆಸುವ ಗಣ್ಯರನ್ನು ವೇದಿಕೆಯ ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಹುಡುಗರಿಗೆ ಬುದ್ಧಿ ಹೇಳಲು ಬರುವುದಿಲ್ಲ. ಇನ್ನು, ಸೋತವನು ಬಂದು ಹೇಳಿಕೊಳ್ಳಲು ಒಂದು ಜಾಗ ಬೇಕು. ಅನುಭವ ಮಂಟಪದ ಹೆಸರು ಹೇಳುವ ನಮ್ಮ ಮಾಸಿಕ ಶಿವಾನುಭವ ಗೋಷ್ಠಿಗಳಲ್ಲಿ ಉಪನ್ಯಾಸವಾಗುತ್ತದೆ, ಸನ್ಮಾನವಾಗುತ್ತದೆ. ಒಬ್ಬ ತನ್ನ ಅನುಭವ ಹೇಳಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ಕಳೆದ ತಿಂಗಳು ನಮ್ಮ ಗೋಷ್ಠಿಯಲ್ಲಿ ಈ ವಿಷಯ ಮಾತಾಡುತ್ತೇನೆ ಎಂದು ಕೇಳಿದೆ. "ಸರ್, ಕಲ್ಯಾಣದ ಕ್ರಾಂತಿ ಬಗ್ಗೆ ಹೇಳ್ರಿ, ಇದೆಲ್ಲಾ ಯಾಕ?" ಎಂದರು ಸಮಿತಿಯವರು. ಮುಂದಿನ ತಿಂಗಳಿಗೆ ಅದೇ ವಿಷಯ ಬರೆದು ಮತ್ತೆ ಚೀಟಿ ಕೊಟ್ಟಿದ್ದೇನೆ. ತಮ್ಮನ ಮಗನೂ ಬರುತ್ತೇನೆ ಎಂದಿದ್ದಾನೆ. ಮಾತಾಡುತ್ತಾನೋ, ಹಿಂದಿನ ಸಾಲಿನಲ್ಲಿ ಕುಳಿತು ಎದ್ದು ಹೋಗುತ್ತಾನೋ, ನಾನು ಒತ್ತಾಯ ಮಾಡಿಲ್ಲ.