ಛಾಯಾಚಿತ್ರವೂ ಪಾಠಪರಿಷ್ಕರಣವೂ

ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಶಾಸನಗಳು, ಮುಳಬಾಗಿಲು ತಾಲ್ಲೂಕಿನ ಆವಣಿಯ ನೊಳಂಬರ ಕಾಲದ ಬರೆಹಗಳು, ಮಾಲೂರು, ಶ್ರೀನಿವಾಸಪುರಗಳ ಕಡೆಯ ಹಳ್ಳಿಗಳಲ್ಲಿ ಮಳೆಬಿಸಿಲಿಗೆ ಮೈಯೊಡ್ಡಿ ನಿಂತ ವೀರಗಲ್ಲುಗಳು, ಇವೆಲ್ಲವನ್ನೂ ಇಂದು ಶಾಲೆಯ ಮಕ್ಕಳು ಸಹ ಮೊಬೈಲಿನಲ್ಲಿ ಸೆರೆಹಿಡಿದು ತರುತ್ತಾರೆ. ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಇಂಥ ಸೌಲಭ್ಯವೆಲ್ಲಿತ್ತು? ಆದರೆ ಕತ್ತಲೆಯ ನವರಂಗದಲ್ಲಿ ತೆಗೆದ ಚಿತ್ರ ಮಸಿ ಬಳಿದಂತಿರುತ್ತದೆ. ಆಗ ಅದನ್ನು ತಂತ್ರಾಂಶಕ್ಕೆ ಒಪ್ಪಿಸಿ ಬೆಳಗಿಸುವ ಕಾರ್ಯ ಮೊದಲಾಗುತ್ತದೆ. ಇದಕ್ಕೂ ‘ಸಂಪಾದನೆ’ ಎಂದೇ ಹೆಸರು. ಹೆಸರನ್ನು ಪಡೆದ ಮೇಲೆ ಗ್ರಂಥಸಂಪಾದನೆಯ ಶಿಸ್ತನ್ನೂ ಪಡೆಯಬೇಡವೆ?

ಬೆಳಗಿಸುವುದು ತಪ್ಪಲ್ಲ. ನೆರಳಿನ ಭಾಗವನ್ನಷ್ಟೇ ಮೇಲೆತ್ತಿ, ಛಾಯೆಯ ಅಂತರವನ್ನು ಹದಗೊಳಿಸಿದರೆ ಅಡಗಿದ್ದ ಅಕ್ಷರ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿಯೊಂದು ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ. ಹದಿನಾಲ್ಕು ಬಿಟ್ಟಿನ ‘ರಾ’ ಕಡತದಲ್ಲಿ 16,384. ಆದಕಾರಣ ಎರಡನೆಯದರ ಕತ್ತಲೆಯಿಂದ ಹೆಚ್ಚು ವಿವರ ದೊರೆಯುತ್ತದೆ. ಆದರೆ ಬೆಳಕೇ ಬೀಳದ ಎಡೆಯಲ್ಲಿ ಏನು ದೊರೆತೀತು? ಬಲವಂತವಾಗಿ ಎತ್ತಿದರೆ ಮರಳು ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ. ಆ ಚುಕ್ಕೆಗಳನ್ನು ಅಳಿಸುವ ಉಪಕರಣ ಹಳಗನ್ನಡ ಶಾಸನದ ಪುಟ್ಟ ಅನುಸ್ವಾರವನ್ನೂ ಅಳಿಸಬಲ್ಲದು. ಕಲ್ಲಿನ ಚಕ್ಕೆ ಎದ್ದ ಗುಳಿಯನ್ನು ಅನುಸ್ವಾರವೆಂದು ತೋರಿಸಲೂಬಲ್ಲದು. ವಕಾರ ಮಕಾರಗಳ ಗೊಂದಲ ಬಲ್ಲವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀರನ ಹೆಸರೇ ಬದಲಾದೀತು.

ಇತ್ತೀಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳದು ಇನ್ನೊಂದು ಹೆಜ್ಜೆ. ಅವು ಇಲ್ಲದ್ದನ್ನು ಊಹಿಸಿ ತುಂಬುತ್ತವೆ, ಊಹಿಸಿದೆವೆಂದು ಹೇಳುವುದೂ ಇಲ್ಲ. ಓಲೆಗರಿ ಹುಳು ತಿಂದಲ್ಲಿ ಸಂಪಾದಕನು ಚುಕ್ಕೆಗಳನ್ನಿಟ್ಟು ‘ತ್ರುಟಿತ’ವೆಂದು ಒಪ್ಪಿಕೊಳ್ಳುತ್ತಾನೆ, ತನ್ನ ಊಹೆಯನ್ನು ಕಂಸದೊಳಗಿಡುತ್ತಾನೆ. ಕಂಸವೇ ಇಲ್ಲದ ಊಹೆಯನ್ನು ಪ್ರಕ್ಷೇಪವೆನ್ನದೆ ಏನೆನ್ನಬೇಕು? ಸಮಾರಂಭದ ಭಾವಚಿತ್ರದಲ್ಲಿ ಮುಖ ಕೊಂಚ ನುಣುಪಾದರೆ ಯಾರಿಗೂ ನಷ್ಟವಿಲ್ಲ (ಕೆಲವರಿಗೆ ಸಂತೋಷವೇ!). ಶಾಸನದ ಮಾತು ಹಾಗಲ್ಲ. ನಾಳೆ ಕಲ್ಲು ಒಡೆದರೆ ಚಿತ್ರವೊಂದೇ ಸಾಕ್ಷಿಯಾಗಿ ಉಳಿಯುತ್ತದೆ.

ನಿಜವಾದ ಚಿಕಿತ್ಸೆ ಇರುವುದು ಚಿತ್ರ ತೆಗೆಯುವಲ್ಲಿಯೇ. ಎದುರಿನಿಂದ ಮಿಂಚುದೀಪ ಹಾಯಿಸಿದರೆ ಅಕ್ಷರದ ನೆರಳು ಮಾಯವಾಗಿ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ, ಕಲ್ಲಿನ ಮೈ ಸವರುವಂತೆ ಟಾರ್ಚು ಹಿಡಿದರೆ ಸವೆದ ಗೆರೆಯೂ ಎದ್ದು ನಿಲ್ಲುತ್ತದೆ. ಈ ತತ್ತ್ವವನ್ನೇ ಬೆಳೆಸಿ 2001ರಲ್ಲಿ ಅಮೆರಿಕದ ಎಚ್.ಪಿ. ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು, ಕ್ಯಾಮರಾವನ್ನು ಕದಲಿಸದೆ ಬೆಳಕಿನ ದಿಕ್ಕನ್ನಷ್ಟೇ ಬದಲಿಸುತ್ತ ತೆಗೆದ ಹಲವು ಚಿತ್ರಗಳನ್ನು ಒಂದುಗೂಡಿಸುವ ವಿಧಾನವನ್ನು ಪ್ರಕಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತ ಬಂದಿದೆ. ಶಾಲೆಗಳಿಗೆ ಅಷ್ಟು ಸಾಧ್ಯವಾಗದಿರಬಹುದು. ಎರಡು ಟಾರ್ಚು, ಒಂದು ಮುಕ್ಕಾಲಿ, ಮೂಲಚಿತ್ರವನ್ನು ತಿದ್ದದೆ ಕಾಪಿಡಲು ಒಂದು ಹಾರ್ಡ್‌ಡಿಸ್ಕು, ಇಷ್ಟನ್ನು ಯಾವ ದಾನಿಗಳಾದರೂ ಒದಗಿಸಿಯಾರು. ಅಚ್ಚಾಗುವ ಚಿತ್ರದ ಕೆಳಗೆ ‘ಬೆಳಕು ತಿದ್ದಿದೆ, ಮೂಲ ಶಾಲೆಯಲ್ಲಿದೆ’ ಎಂಬ ಒಂದು ಸಾಲು ಸೇರಿಸಲು ಯಾವ ವೆಚ್ಚವೂ ಇಲ್ಲ.