ಟೈರ್ ಸುಮ್ಮನಾದರೆ ಖುಷಿ ಪಡಬೇಡಿ

ಇಲ್ಲಿ ಏನಾದರೂ ಬರೆದು ಮೂರು ತಿಂಗಳಾಯ್ತು. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಲ್ಲ, ಶುದ್ಧ ಸೋಮಾರಿತನ. ಇವತ್ತು ಬರೆಯೋಕೆ ಕೂರಿಸಿದ್ದು ಸಿಟ್ಟು.

ದೀಪಾವಳಿಗೆ ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಗೆಳೆಯರೊಬ್ಬರ ಮನೇಲಿ ಹತ್ತು ಹನ್ನೆರಡು ಜನ ಸೇರಿದ್ವಿ. ಎಲ್ಲರೂ ನಮ್ಮಂಥವರೇ. ಊರಲ್ಲಿ ಇಂಜಿನಿಯರಿಂಗ್ ಮುಗಿಸಿ, ಇಲ್ಲಿಗೆ ಬಂದು ಕೋಡ್ ಬರೆಯುತ್ತಾ, ಕೈಗೆ ನಾಲ್ಕು ಕಾಸು ಬಂದ ತಕ್ಷಣ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಹುಡುಕೋ ಜನ. ಹೋಳಿಗೆ ಮುಗಿದ ಮೇಲೆ ಮಾತು ಟೈರಿಗೆ ಬಂತು. ಒಬ್ಬ ಹೇಳಿದ, "ನಾನು ಈ ವರ್ಷ ಚಳಿಗಾಲದ ಟೈರ್ ಹಾಕಿಸಲ್ಲಪ್ಪ, ಒಳಗೆ ಕೂತರೆ ಹಿಟ್ಟಿನ ಗಿರಣಿ ಥರ ಸದ್ದು. ನಂದು ಕ್ವಾಟ್ರೋ ಬೇರೆ." ಸುತ್ತ ಕೂತವರೆಲ್ಲ ತಲೆ ಆಡಿಸಿದರು. ನನಗೆ ಮೈ ಉರಿದುಹೋಯ್ತು. ಯಾಕಂದರೆ ಎರಡು ವರ್ಷದ ಹಿಂದೆ ಇದೇ ಮಾತನ್ನ ಇದೇ ಧಾಟಿಯಲ್ಲಿ ನಾನೇ ಹೇಳಿದ್ದೆ.

ಆಗ ಹೊಸದಾಗಿ ಒಂದು ಟೊಯೋಟಾ ಜಿಟಿ86 ತಗೊಂಡಿದ್ದೆ, 2013ರ ಮಾಡೆಲ್ಲು. 200 ಕುದುರೆ ಶಕ್ತಿ, ಹಿಂದಿನ ಚಕ್ರ ತಳ್ಳೋ ಗಾಡಿ. (ಅಂದ ಹಾಗೆ, ಈ ಕಾರಿಗೆ ಟೊಯೋಟಾದವರು ಫ್ಯಾಕ್ಟರಿಯಲ್ಲಿ ಹಾಕಿ ಕೊಡ್ತಾ ಇದ್ದ ಮಿಶೆಲಿನ್ ಪ್ರೈಮಸಿ ಟೈರು ಅವರ ಪ್ರಿಯುಸ್‌ಗೂ ಹಾಕಿದ್ದೇ. ಹಿಡಿತ ಕಮ್ಮಿ ಇದ್ದರೆ ಮಜಾ ಜಾಸ್ತಿ ಅನ್ನೋದು ಅವರ ತರ್ಕ.) ನನ್ನದರ ಮೊದಲ ಮಾಲೀಕ ಅದನ್ನ ಕಿತ್ತು ಒಳ್ಳೇ ಅಂಟೋ ಬೇಸಿಗೆ ಟೈರ್ ಹಾಕಿಸಿದ್ದ. ಜರ್ಮನ್ನರು "ಓ ಇಂದ ಓ ವರೆಗೆ" ಅಂತಾರೆ, ಅಂದರೆ ಓಕ್ಟೋಬರ್‌ನಿಂದ ಓಸ್ಟರ್ನ್‌ವರೆಗೆ, ನಮ್ಮ ಲೆಕ್ಕದಲ್ಲಿ ಅಕ್ಟೋಬರಿಂದ ಈಸ್ಟರ್‌ವರೆಗೆ, ಚಳಿಗಾಲದ ಟೈರು. ನಾನು ವಿಮರ್ಶೆ ಓದ್ತಾ ಕೂತೆ. ಇದು ಸದ್ದು, ಅದು ಸದ್ದು, ಇನ್ನೊಂದರ ಸ್ಟೀರಿಂಗ್ ಮೆತ್ತಗೆ. ಹೀಗೆ ನವೆಂಬರ್ ಅರ್ಧ ಕಳೀತು.

ಒಂದು ಭಾನುವಾರ ಬೆಳಿಗ್ಗೆ ಸ್ವಾಬಿಯನ್ ಆಲ್ಬ್ ಮೇಲಿನಿಂದ ಬಾಡ್ ಉರಾಖ್ ಕಡೆ ಬಿ28 ರಸ್ತೆಯಲ್ಲಿ ಇಳೀತಾ ಇದ್ದೆ. ನಮ್ಮ ಚಾರ್ಮಾಡಿಯಷ್ಟು ಅಲ್ಲದಿದ್ದರೂ ತಿರುವು, ಕಾಡು, ನೆರಳು ಎಲ್ಲಾ ಇದೆ. ಹಿಮ ಇಲ್ಲ, ಮೇಲೆ ಬಿಸಿಲೂ ಇತ್ತು. ಕಾಡಿನೊಳಗೆ ಹೊಕ್ಕ ಮೇಲೆ ಒಂದು ತಿರುವಿಗೆ ಮುಂಚೆ ಟೈರಿನ ಗುಂಯ್‌ಗುಡೋ ಸದ್ದು ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ಆ ಕ್ಷಣ ನಾನು ಏನು ಅಂದುಕೊಂಡೆ ಅನ್ನೋದನ್ನ ಹೇಳೋಕೆ ನಾಚಿಕೆ ಆಗುತ್ತೆ. "ಆಹಾ, ಹೊಸ ಡಾಂಬರು ಹಾಕಿದ್ದಾರೆ" ಅಂದುಕೊಂಡೆ.

ಅದು ಡಾಂಬರಲ್ಲ, ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ಕೂತ ತೆಳು ಪದರ. ಬ್ರೇಕ್ ಒತ್ತಿದೆ, ಎಬಿಎಸ್ ಕಾಲಡಿ ಕಟಕಟ ಅಂತು, ಗಾಡಿ ಮಾತ್ರ ನೆಟ್ಟಗೆ ಎದುರು ಲೇನಿಗೆ ಹೋಗಿ, ಅದನ್ನೂ ದಾಟಿ, ತಡೆ ಕಂಬಿಗೆ ಮೂತಿ ಒರೆಸಿ ನಿಂತಿತು. ಎದುರಿಗೆ ಯಾರೂ ಬರಲಿಲ್ಲ. ನಾನು ನಡುಗೋ ಕೈಯಲ್ಲಿ ಗಾಡಿ ಪಕ್ಕಕ್ಕೆ ತರೋ ಹೊತ್ತಿಗೆ ಅದೇ ಲೇನಿನಲ್ಲಿ ಕೆಳಗಿನಿಂದ ಊರ ಬಸ್ಸು ಹತ್ತಿ ಬಂತು. ಡ್ರೈವರ್ ನನ್ನ ಟೈರು ನೋಡಿದ, ನನ್ನ ಮುಖ ನೋಡಿದ, ಏನೂ ಹೇಳದೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಈಗ ವಾದಕ್ಕೆ ಬರ್ತೀನಿ. ನಿಮ್ಮಲ್ಲಿ ಕೆಲವರು ಹೇಳ್ತೀರ, ಅಂಥ ಜಾಗದಲ್ಲಿ ಚಳಿಗಾಲದ ಟೈರೂ ಜಾರುತ್ತೆ ಅಂತ. ಜಾರುತ್ತೆ ಸ್ವಾಮಿ. ಎಷ್ಟು ದೂರ ಜಾರುತ್ತೆ ಅನ್ನೋದೇ ಪ್ರಶ್ನೆ. ಪಿಯುಸಿಯ ಲೆಕ್ಕ ತಗೊಳ್ಳಿ. ಸಮತಟ್ಟಾದ ರಸ್ತೆ, ಗಂಟೆಗೆ 60 ಕಿಲೋಮೀಟರ್ ವೇಗ. ಘರ್ಷಣೆಯ ಗುಣಾಂಕ 0.3 ಇದ್ದರೆ ನಿಲ್ಲೋಕೆ ಸುಮಾರು 47 ಮೀಟರ್ ಬೇಕು. 0.15 ಆದರೆ 94. ಈ ಲೆಕ್ಕದಲ್ಲಿ ಕ್ವಾಟ್ರೋ ಎಲ್ಲಿ ಬಂತು ತೋರಿಸಿ ನೋಡೋಣ? ನಾಲ್ಕು ಚಕ್ರಕ್ಕೆ ಶಕ್ತಿ ಕೊಟ್ಟರೆ ಹೊರಡೋಕೆ ಸುಲಭ. ನಿಲ್ಲೋಕೆ ಪ್ರಪಂಚದ ಎಲ್ಲಾ ಕಾರಿಗೂ ನಾಲ್ಕು ಚಕ್ರದ ಬ್ರೇಕೇ ಇರೋದು. ಕ್ವಾಟ್ರೋ ಮಾಡೋ ದೊಡ್ಡ ಅನಾಹುತ ಅಂದರೆ, ಹೊರಡುವಾಗ ಜಾರದೆ "ರಸ್ತೆ ಚೆನ್ನಾಗಿದೆ" ಅಂತ ನಂಬಿಸೋದು.

"ಇಎಸ್‌ಪಿ ಇದೆಯಲ್ಲ" ಅನ್ನೋರಿಗೂ ಒಂದು ಮಾತು. ಬಾಷ್‌ನವರ ಇಎಸ್‌ಪಿ 1995ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ಬಂತು, ಎಷ್ಟೋ ಜೀವ ಉಳಿಸಿದೆ, ಒಪ್ಪಿದೆ. ಆದರೆ ನಾವೇ ಕೋಡ್ ಬರೆಯೋರು. ಸೆನ್ಸರ್ ಎಷ್ಟೇ ಚುರುಕಾಗಿದ್ದರೂ, ಲೂಪ್ ಎಷ್ಟೇ ವೇಗವಾಗಿ ತಿರುಗಿದರೂ, ಕೊನೆಗೆ ರಸ್ತೆಗೆ ತಾಗೋದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡು. ಅಲ್ಲಿ ಇಲ್ಲದ ಹಿಡಿತವನ್ನ ಯಾವ ಸಾಫ್ಟ್‌ವೇರೂ ಹುಟ್ಟಿಸಲ್ಲ.

ರಬ್ಬರ್ ಬಗ್ಗೆ ನಮಗೆ ಕಾಲೇಜಲ್ಲಿ ಅರ್ಧ ಸುಳ್ಳು ಹೇಳಿಕೊಟ್ಟಿದ್ದಾರೆ. ಘರ್ಷಣೆಯ ಗುಣಾಂಕ ಅಂದರೆ ಎರಡು ವಸ್ತುಗಳ ನಡುವಿನ ಒಂದು ಸ್ಥಿರ ಸಂಖ್ಯೆ, ಸಂಪರ್ಕದ ವಿಸ್ತೀರ್ಣಕ್ಕೆ ಸಂಬಂಧ ಇಲ್ಲ ಅಂತ ಬಾಯಿಪಾಠ ಮಾಡಿದ್ವಲ್ಲ, ಅದನ್ನ ಮರೆತುಬಿಡಿ. ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುಗಳ ಮೇಲೆ ಬಗ್ಗಿ, ಒಳಗೆ ಇಳಿದು, ಮತ್ತೆ ನಿಧಾನಕ್ಕೆ ನೆಟ್ಟಗಾಗುತ್ತೆ. ಆ ನಿಧಾನದಲ್ಲೇ ಹಿಡಿತ ಇರೋದು. ಚಳಿಯಾದಷ್ಟೂ ಬೇಸಿಗೆಯ ರಬ್ಬರು ಬಗ್ಗೋದೇ ಬಿಡುತ್ತೆ. ಚಳಿಗಾಲದ ಟೈರಿನ ಮಿಶ್ರಣ ಚಳಿಯಲ್ಲೂ ಮೆತ್ತಗಿರುತ್ತೆ, ಜೊತೆಗೆ ಅದರ ಪ್ರತಿ ಅಚ್ಚಿನ ಮೇಲೂ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳು. ಆ ಸೀಳುಗಳು ಹಿಮವನ್ನ ಕಚ್ಚಿ ಹಿಡ್ಕೊಳ್ಳುತ್ತವೆ, ಹಿಮಕ್ಕೆ ಹಿಮ ಅಂಟುತ್ತೆ. ರೇಸ್ ಟ್ರ್ಯಾಕಿಗೆ ಹತ್ತಿರದ ಬೇಸಿಗೆ ಟೈರುಗಳ ಕಥೆ ಇನ್ನೂ ಕೆಟ್ಟದ್ದು. ಕಾರ್ವೆಟ್‌ನಂಥ ಕಾರುಗಳ ಕೈಪಿಡಿಯಲ್ಲೇ ಬರೆದಿರ್ತಾರೆ, ಮೈನಸ್ 7 ಡಿಗ್ರಿಗಿಂತ ಕೆಳಗೆ ಹೋದರೆ ರಬ್ಬರ್ ಬಿರುಕು ಬಿಡಬಹುದು ಅಂತ.

ಪ್ಲಸ್ 7 ಡಿಗ್ರಿ ಅನ್ನೋ ಇನ್ನೊಂದು ಗೆರೆ ಟೈರ್ ಮಾರೋರ ಬಾಯಲ್ಲಿ ಮಂತ್ರ ಆಗಿಬಿಟ್ಟಿದೆ. ಅದನ್ನ ನಾನೂ ಪೂರ್ತಿ ನಂಬಲ್ಲ. ಒಣ ರಸ್ತೆಯಲ್ಲಿ ಒಳ್ಳೇ ಬೇಸಿಗೆ ಟೈರು 5 ಡಿಗ್ರಿಯಲ್ಲೂ ಬೇಗ ನಿಲ್ಲಿಸಬಹುದು. ಆದರೆ ಬೆಳಿಗ್ಗೆ ಹೊರಡುವಾಗ ಒಣಗಿದ್ದ ರಸ್ತೆ ಆಲ್ಬ್ ಮೇಲಿನ ಕಾಡಿನ ತಿರುವಿನಲ್ಲೂ ಒಣಗಿರುತ್ತೆ ಅಂತ ಯಾರು ಬರೆದು ಕೊಟ್ಟಿದ್ದಾರೆ?

ಇನ್ನು ಆ ಸದ್ದು. ಇದೇ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು, ಯಾಕಂದರೆ ಯಾರೂ ಅಳತೆಯೇ ನೋಡಲ್ಲ. ಯುರೋಪಿನ ಟೈರ್ ಲೇಬಲ್ ಮೇಲೆ 71 ಡೆಸಿಬೆಲ್, 72 ಡೆಸಿಬೆಲ್ ಅಂತ ಇರುತ್ತಲ್ಲ, ಅದನ್ನ ಹಿಡ್ಕೊಂಡು ನಮ್ಮ ಜನ ಜಗಳ ಆಡ್ತಾರೆ. ಅದು ನಿಮ್ಮ ಕಿವಿಗೆ ಬೀಳೋ ಸದ್ದೇ ಅಲ್ಲ! ಇಂಜಿನ್ ಆಫ್ ಮಾಡಿ 80ರ ವೇಗದಲ್ಲಿ ಗಾಡಿ ಉರುಳಿಬಿಟ್ಟು, ಪಥದ ಮಧ್ಯದಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕು ಇಟ್ಟು ಅಳೆಯೋದು. ಅಂದರೆ ಫುಟ್‌ಪಾತ್ ಮೇಲೆ ನಾಯಿ ಹಿಡ್ಕೊಂಡು ಹೋಗ್ತಿರೋ ಅಜ್ಜಿಗೆ ಕೇಳೋ ಸದ್ದು. ಎಷ್ಟೋ ಚಳಿಗಾಲದ ಟೈರುಗಳು ಆ ಅಳತೆಯಲ್ಲಿ ಬೇಸಿಗೆ ಟೈರಿನಷ್ಟೇ ಇರ್ತವೆ, ಕೆಲವು ಇನ್ನೂ ಕಮ್ಮಿ.

ಹಾಗಾದರೆ ಒಳಗೆ ಕೇಳೋ ಗಿರಣಿ ಯಾವುದು? ಬಹುಪಾಲು ನಿಮ್ಮ ಕಾರೇ. ಅಗಲ ಟೈರು, ಗಿಡ್ಡ ಗೋಡೆ, ಗಟ್ಟಿ ಸಸ್ಪೆನ್ಷನ್ನು, ತೂಕ ಉಳಿಸೋಕೆ ಅಂತ ಕಿತ್ತುಹಾಕಿದ ಸದ್ದು ತಡೆಯೋ ಹಾಸು. ಟೈರಿನ ಒಳಗಿರೋ ಗಾಳಿಯೂ ಒಂದು ಕೊಳವೆ. ನನ್ನ ಬೇಸಿಗೆಯ 215/45 ಆರ್ 17 ಟೈರಿನಲ್ಲಿ ಆ ಕೊಳವೆಯ ಸುತ್ತಳತೆ ಹತ್ತಿರ ಹತ್ತಿರ 1.66 ಮೀಟರ್. ಶಬ್ದದ ವೇಗ 340ನ್ನ ಅದರಿಂದ ಭಾಗಿಸಿ, 205 ಹರ್ಟ್ಸ್ ಬಂತು. ಒರಟು ರಸ್ತೆಯಲ್ಲಿ ಒಳಗೆ ಕೇಳೋ "ಹೂಂ" ಅದೇ. ಅದಕ್ಕಾಗೇ ಕೆಲವು ಟೈರುಗಳ ಒಳಗೆ ಸ್ಪಂಜು ಅಂಟಿಸಿರ್ತಾರೆ. ಬೇಸಿಗೆ, ಚಳಿಗಾಲ ಎರಡರಲ್ಲೂ ಈ "ಹೂಂ" ಇರುತ್ತೆ. ಬೈಗುಳ ಮಾತ್ರ ಚಳಿಗಾಲದ ಟೈರಿಗೆ.

ಮತ್ತೆ ಆ ಸದ್ದು ಬರೀ ಕಿರಿಕಿರಿ ಅಲ್ಲ, ರಸ್ತೆ ಕಳಿಸೋ ಸುದ್ದಿ. ಹಿಮದ ಮೇಲೆ, ಹೆಪ್ಪುಗಟ್ಟಿದ ನೀರಿನ ಮೇಲೆ ಟೈರಿನ ಸದ್ದು ಇಳಿದುಹೋಗುತ್ತೆ, ಏಕೆಂದರೆ ರಬ್ಬರು ಡಾಂಬರಿನ ಒರಟುತನವನ್ನ ಮುಟ್ಟೋದೇ ಇಲ್ಲ. ಕಾರು ಅತ್ಯಂತ ಹಿತವಾಗಿ, ಮೌನವಾಗಿ ಸಾಗೋ ಹೊತ್ತಿನಲ್ಲೇ ಹಿಡಿತ ಅತ್ಯಂತ ಕಮ್ಮಿ ಇರಬಹುದು. ನಾನು ಅದನ್ನ ಹೊಸ ಡಾಂಬರು ಅಂತ ಓದಿಕೊಂಡೆ. ಪಾಟು ಜೋರಾಗಿ ಹಾಕ್ಕೊಂಡು ಹೋಗೋ ನೀವು ಓದೋದೇ ಇಲ್ಲ.

ಕಾನೂನಿನ ವಿಷಯ ಚಿಕ್ಕದು. ಜರ್ಮನಿಯಲ್ಲಿ ತಾರೀಖು ಲೆಕ್ಕ ಇಲ್ಲ, ರಸ್ತೆಯಲ್ಲಿ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದರೆ ಚಳಿಗಾಲದ ಟೈರು ಇರಲೇಬೇಕು. ಇಲ್ಲದೆ ಓಡಿಸಿದರೆ 60 ಯೂರೋ ದಂಡ, ಒಂದು ಪಾಯಿಂಟು. 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ ಅಂತ ಬರೆದಿದ್ದರೆ ಸಾಲದು, ಬೆಟ್ಟದೊಳಗೆ ಹಿಮದ ಹರಳಿನ ಗುರುತು ಬೇಕು. 60 ಯೂರೋ ಕಟ್ಟೋಕೆ ನಮ್ಮಲ್ಲಿ ಯಾರಿಗೂ ಕಷ್ಟ ಇಲ್ಲ, ಅದೇ ತೊಂದರೆ.

ನಾನು ಆಮೇಲೆ ಮಾಡಿದ್ದು ಇಷ್ಟು: 16 ಇಂಚಿನ ರಿಮ್ಮು, 205/55 ಚಳಿಗಾಲದ ಟೈರು, ನಾಲ್ಕೂ ಒಂದೇ ಜಾತಿ. ಹಿಂದಿನ ಎರಡಕ್ಕೆ ಮಾತ್ರ ಹಾಕಿದರೆ ಸಾಕು ಅಂತ ಸಲಹೆ ಕೊಟ್ಟವರೂ ಇದ್ದರು. ಮುಂದಿನ ಚಕ್ರ ತಿರುಗಿಸಿದರೂ ಗಾಡಿ ತಿರುಗದ ಅನುಭವ ಅವರಿಗೆ ಇನ್ನೂ ಆಗಿಲ್ಲ, ಪುಣ್ಯವಂತರು. ಸ್ಟೀರಿಂಗ್ ಹವಾಯಿ ಚಪ್ಪಲಿ ಹಾಕ್ಕೊಂಡು ನಡೆದಂಗಿದೆ, ಒಪ್ಪಿದೆ. ಗೋಡೆ ಎತ್ತರ ಆಗಿದ್ದಕ್ಕೋ ಏನೋ, ಒಳಗಿನ ಸದ್ದು ಮೊದಲಿಗಿಂತ ಕಮ್ಮಿಯೇ ಇದೆ :-)

ಈ ಶನಿವಾರ ಬೆಳಿಗ್ಗೆ ಮುಕ್ಕಾಲು ಎಂಟಕ್ಕೆ ಟೈರ್ ಬದಲಿಸೋಕೆ ಸಮಯ ಸಿಕ್ಕಿದೆ. ಕ್ವಾಟ್ರೋ ಗೆಳೆಯನಿಗೂ ಅವನನ್ನ ಕೇಳದೆ ಅದರ ಹಿಂದಿನ ಸ್ಲಾಟೇ ಬುಕ್ ಮಾಡಿದ್ದೀನಿ. ಏಳೂಕಾಲಿಗೆ ಹೋಗಿ ಅವನ ಮನೆ ಬೆಲ್ ಒತ್ತಬೇಕು. ಅಷ್ಟು ಹೊತ್ತಿಗೆ ಏಳ್ತಾನೋ ಇಲ್ವೋ ಗೊತ್ತಿಲ್ಲ.