ಮನೆಯ ಕಂಪ್ಯೂಟರಿಗೆ ಎಂತಹ ಕಾವಲು ಬೇಕು?

ಕಾಲೇಜು ಪ್ರವೇಶದ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಆನ್‌ಲೈನ್ ಸೆಂಟರುಗಳ ಮುಂದೆ ನಿಂತ ವಿದ್ಯಾರ್ಥಿಯ ಕೈಯಲ್ಲಿ ಒಂದು ಪೆನ್‌ಡ್ರೈವು ಇರುವುದು ವಾಡಿಕೆ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಎಲ್ಲವೂ ಅದರೊಳಗೆ ಅಡಗಿರುತ್ತವೆ. ಊರಿನ ಹಲವು ಪೆನ್‌ಡ್ರೈವುಗಳನ್ನು ಕಂಡ ಅಂಗಡಿಯ ಯಂತ್ರಕ್ಕೆ ಮುಟ್ಟಿ ಬಂದ ಅದೇ ಪೆನ್‌ಡ್ರೈವು ಸಂಜೆ ಮನೆಯ ಕಂಪ್ಯೂಟರನ್ನು ಸೇರುತ್ತದೆ. ಕೆಲವೊಮ್ಮೆ ವೈರಸ್ಸೂ ಅದರೊಡನೆಯೇ ಬರುತ್ತದೆ. ಆಗ ಹುಟ್ಟುವ ಪ್ರಶ್ನೆ ಒಂದೇ: ಯಾವ ಆಂಟಿವೈರಸ್ಸನ್ನು ಕೊಳ್ಳಬೇಕು?

ಬಹುಪಾಲು ಮನೆಗಳಲ್ಲಿ ಕೊಳ್ಳುವ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿಚಾರ ಮಾಡೋಣ.

ಕಂಪ್ಯೂಟರು ವೈರಸ್ಸೆಂದರೆ ಜೀವಾಣುವಲ್ಲ. ತನ್ನನ್ನು ತಾನೇ ನಕಲು ಮಾಡಿಕೊಂಡು ಹರಡುವ ಒಂದು ಪ್ರೋಗ್ರಾಮು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ 'ಬ್ರೇನ್' ವೈರಸ್ಸು ಫ್ಲಾಪಿಗಳ ಮೂಲಕ ದೇಶದೇಶಗಳಿಗೆ ಹಬ್ಬಿತು. ಅಂದು ಫ್ಲಾಪಿ ಮಾಡಿದ ಕೆಲಸವನ್ನು ಇಂದು ಪೆನ್‌ಡ್ರೈವು ಮಾಡಬಲ್ಲದು. ಆಂಟಿವೈರಸ್ಸು ಇದನ್ನು ಎರಡು ಬಗೆಯಲ್ಲಿ ಪತ್ತೆ ಹಚ್ಚುತ್ತದೆ. ಒಂದು, ಈಗಾಗಲೇ ತಿಳಿದಿರುವ ವೈರಸ್ಸುಗಳ ಗುರುತುಗಳ ಪಟ್ಟಿಯೊಡನೆ ಪ್ರತಿಯೊಂದು ಫೈಲನ್ನೂ ಹೋಲಿಸುವುದು. ಇನ್ನೊಂದು, ಪ್ರೋಗ್ರಾಮಿನ ವರ್ತನೆಯನ್ನು ಗಮನಿಸಿ ಸಂಶಯಪಡುವುದು. ಆದುದರಿಂದ ಪಟ್ಟಿ ಹಳೆಯದಾದರೆ ಎಷ್ಟು ಬೆಲೆಯ ಆಂಟಿವೈರಸ್ಸಾದರೂ ಅರೆಗುರುಡನಾದ ಕಾವಲುಗಾರನೇ ಸರಿ.

ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ಕಾವಲು ಮೊದಲೇ ಇದೆ. ಅದಕ್ಕೆ ಪ್ರತ್ಯೇಕ ಹಣ ತೆರಬೇಕಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್ ಎಂಬ ಸ್ವತಂತ್ರ ಸಂಸ್ಥೆಯ ಇತ್ತೀಚಿನ ವರ್ಷಗಳ ಪರೀಕ್ಷೆಗಳಲ್ಲಿ ಅದು ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲಿಯೇ ನಿಂತಿದೆ. ಇದು ಸಾಲದೆಂದು ಮತ್ತೊಂದನ್ನು, ಮಗದೊಂದನ್ನು ತುಂಬುವುದು ಅವಿವೇಕ. ಒಂದೇ ಫೈಲನ್ನು ಇಬ್ಬರು ಕಾವಲುಗಾರರು ಏಕಕಾಲಕ್ಕೆ ಹಿಡಿದೆಳೆದರೆ ಯಂತ್ರ ಕುಂಟುತ್ತದೆ.

ಹಾಗಾದರೆ ಕೊಳ್ಳತಕ್ಕವರು ಯಾರು? ದಿನವೂ ಹತ್ತಾರು ಜನರ ಪೆನ್‌ಡ್ರೈವು ಮುಟ್ಟುವ ಅಂಗಡಿಯವರು ಕೊಳ್ಳಲಿ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮುಂತಾದ ನಮ್ಮ ದೇಶದ ತಯಾರಿಕೆಗಳೂ ಇವೆ. ಆದರೆ ಹಣ ಉಳಿಸಲೆಂದು 'ಕ್ರ್ಯಾಕ್' ಮಾಡಿದ ಆಂಟಿವೈರಸ್ಸನ್ನು ತರುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ.

ಕಾವಲಿಗಿಂತಲೂ ಗೋಡೆಯ ಬಿರುಕು ಮುಚ್ಚುವುದು ಮುಖ್ಯ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಪ್ರಪಂಚದಾದ್ಯಂತ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿ ತಿಂಗಳಲ್ಲಿಯೇ ತೇಪೆ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದವರು ಕೆಟ್ಟರು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ವಿಂಡೋಸ್ 11ನ್ನು ತಾಳದಿದ್ದರೆ, ಆಂಟಿವೈರಸ್ಸಿಗೆ ಹಣ ಸುರಿಯುವ ಬದಲು ಉಚಿತವಾಗಿ ದೊರೆಯುವ ಲಿನಕ್ಸಿಗೆ ಬದಲಾಗುವುದು ಲೇಸು.

ಇಷ್ಟಾದರೂ ಯಾವ ಕಾವಲೂ ಪರಿಪೂರ್ಣವಲ್ಲ. ಆದುದರಿಂದ ಆಂಟಿವೈರಸ್ಸಿಗೆಂದು ಎತ್ತಿಟ್ಟ ಹಣದಲ್ಲಿ ಇನ್ನೊಂದು ಪೆನ್‌ಡ್ರೈವನ್ನು ಕೊಳ್ಳಿರಿ. ಪ್ರಮಾಣಪತ್ರಗಳ ಪ್ರತಿಯನ್ನು ಅದರಲ್ಲಿರಿಸಿ, ಅಂಗಡಿಗೆ ಒಯ್ಯದೆ ಪೆಟ್ಟಿಗೆಯಲ್ಲಿಡಿರಿ. ಮುದ್ರಣಕ್ಕೆ ಹೋಗುವ ಪೆನ್‌ಡ್ರೈವಿನಲ್ಲಿ ಅಂದಿಗೆ ಬೇಕಾದ ಹಾಳೆಗಳು ಮಾತ್ರ ಇರಲಿ. ಮನೆಗೆ ಬಂದೊಡನೆ, ಫೈಲು ತೆರೆಯುವ ಮೊದಲು, ಅದನ್ನು ಸ್ಕ್ಯಾನ್ ಮಾಡಿರಿ.

ಸುರಪುರ, ಯಾದಗಿರಿಗಳ ಕೋಟೆಗಳನ್ನು ನೀವು ಕಂಡಿದ್ದೀರಿ. ಗೋಡೆ ಎಷ್ಟು ದಪ್ಪವಾಗಿದ್ದರೇನು? ಬಾಗಿಲನ್ನು ಒಳಗಿನವರೇ ತೆರೆದರೆ ಅದು ನಿಷ್ಪ್ರಯೋಜಕ. ಮನೆಯ ಕಂಪ್ಯೂಟರಿನ ಬಾಗಿಲು ತೆರೆಯುವ ಕೈ ನಿಮ್ಮದು.